ನೀರೊಳಗೆ ಓಡೋ ಸ್ಕೂಟರ್‌ಗೆ ನೀರು ಹೋದರೆ ವಾರಂಟಿ ಇಲ್ವಂತೆ!

ದಯವಿಟ್ಟು ಪೂರ್ತಿ ಓದಿ. ಸ್ಕೂಬಾ (ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯೋದು) ಮಾಡುವವರು, ಅದರಲ್ಲೂ ಈ ಸಲ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋಗುವ ಮುಂಚೆ ಒಂದು ಚಿಕ್ಕ ಅಂಡರ್‌ವಾಟರ್ ಸ್ಕೂಟರ್ ತಗೊಳ್ಳೋಣ ಅಂತ ಹುಡುಕುತ್ತಿರುವವರು ಖಂಡಿತ ಓದಿ. ನನ್ನ 38,500 ರೂಪಾಯಿ ಹೋಯಿತು. ದುಡ್ಡಿನ ಮಾತು ಬಿಡಿ, ಮನೆಯವರ ಮುಂದೆ ಮರ್ಯಾದೆಯೂ ಹೋಯಿತು.

ನಾನು ದಾವಣಗೆರೆಯವನು. 14 ವರ್ಷದಿಂದ ಇನ್ವರ್ಟರ್ ಬ್ಯಾಟರಿ ಮಾರುತ್ತಿದ್ದೇನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನಗಲು ಬೇಕಾಗುತ್ತೆ. ಮುರ್ಡೇಶ್ವರದಲ್ಲಿ ಡೈವಿಂಗ್ ಕಲಿತೆ. ಓಪನ್ ವಾಟರ್ ಕಾರ್ಡ್ ಇದೆ, ಅಂದರೆ 18 ಮೀಟರ್ ಆಳದವರೆಗೆ ಇಳಿಯಬಹುದು ಅನ್ನೋ ಸರ್ಟಿಫಿಕೇಟ್. ನೇತ್ರಾಣಿಯಲ್ಲಿ ನೀರಿನ ಸೆಳೆತ ಇದ್ದ ದಿನ ಫಿನ್ (ಕಾಲಿಗೆ ಹಾಕುವ ರೆಕ್ಕೆ) ಹೊಡೆದು ಹೊಡೆದು ಕಾಲು ಸೋತು ಹೋಗುತ್ತೆ, ಸಿಲಿಂಡರ್‌ನ ಗಾಳಿಯೂ ಬೇಗ ಖಾಲಿ. ಕೈಯಲ್ಲಿ ಹಿಡಿದುಕೊಂಡರೆ ಎಳೆದುಕೊಂಡು ಹೋಗುವ ಸ್ಕೂಟರ್ ಇದ್ದರೆ ಆರಾಮ ಅಲ್ವಾ? ಅಷ್ಟೇ ಆಸೆ.

ಮೊಬೈಲಿನಲ್ಲಿ ಜಾಹೀರಾತು ಬಂತು. ತೂಕ 2.8 ಕೆಜಿ. 300 ವ್ಯಾಟ್ ಮೋಟಾರ್. ಒಂದು ಚಾರ್ಜ್‌ಗೆ 60 ನಿಮಿಷ. 40 ಮೀಟರ್. ಬ್ಯಾಟರಿ 100 ವ್ಯಾಟ್-ಅವರ್ ಒಳಗೆ, ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯಬಹುದು. ಮಾರುವವನು ಬೆಂಗಳೂರಿನವನು. ಫೋನ್ ಮಾಡಿದರೆ ಎತ್ತುತ್ತಿದ್ದ, ವಾಯ್ಸ್ ಮೆಸೇಜ್ ಕಳಿಸುತ್ತಿದ್ದ. 'ಕಣ್ಣು ಮುಚ್ಕೊಂಡು ತಗೊಳ್ಳಿ ಸರ್, ಸಮುದ್ರ, ಕೆರೆ, ಸ್ವಿಮ್ಮಿಂಗ್ ಪೂಲ್ ಎಲ್ಲಾದಕ್ಕೂ ಇದೇ.' ನಾನು ನಿಜವಾಗಲೂ ಕಣ್ಣು ಮುಚ್ಚಿಕೊಂಡೆ. ಪೂರ್ತಿ ದುಡ್ಡು ಯುಪಿಐ, ಅದೂ ಅವನ ಸ್ವಂತ ಖಾತೆಗೆ. ಬಿಲ್ ಕೇಳಿದರೆ 'ಬಾಕ್ಸ್ ಒಳಗೇ ಇರುತ್ತೆ ಸರ್'. ಇರಲಿಲ್ಲ.

ಈಗ ನಗುವ ಭಾಗ. ಅಂಗಡಿಗೆ ಬರುವ ಪ್ರತಿ ಗಿರಾಕಿಗೂ ನಾನು ಹೇಳುವುದು ಒಂದೇ ಲೆಕ್ಕ: ಎಷ್ಟು ವ್ಯಾಟ್, ಎಷ್ಟು ಹೊತ್ತು, ಎರಡನ್ನೂ ಗುಣಿಸಿ. 300 ವ್ಯಾಟ್ ಮೋಟಾರ್ ಒಂದು ಗಂಟೆ ಪೂರ್ತಿ ವೇಗದಲ್ಲಿ ಓಡಬೇಕಾದರೆ 300 ವ್ಯಾಟ್-ಅವರ್ ಬೇಕು. ಅಷ್ಟು ದೊಡ್ಡ ಲಿಥಿಯಂ ಬ್ಯಾಟರಿಯನ್ನು ವಿಮಾನದವರು ಮುಟ್ಟುವುದಿಲ್ಲ. 100ರವರೆಗೆ ಸುಮ್ನೆ ಬಿಡುತ್ತಾರೆ, 160ರವರೆಗೆ ಮೊದಲೇ ಅನುಮತಿ ತಗೋಬೇಕು, ಅದಕ್ಕಿಂತ ಜಾಸ್ತಿ ಆದರೆ ಇಲ್ಲವೇ ಇಲ್ಲ. ಅಂದರೆ ಜಾಹೀರಾತಿನ ಎರಡು ಸಾಲುಗಳೇ ಒಂದಕ್ಕೊಂದು ಜಗಳ ಆಡುತ್ತಿದ್ದವು. ನನಗೆ ಕಾಣಲಿಲ್ಲ! ಬ್ಯಾಟರಿ ಮಾರುವವನಿಗೆ! ಬಂದ ಮೇಲೆ ಬ್ಯಾಟರಿ ಬೆನ್ನು ನೋಡಿದರೆ 11.1 ವೋಲ್ಟ್, 6 ಆಂಪಿಯರ್-ಅವರ್. ಗುಣಿಸಿದರೆ 66.6. ಪೂರ್ತಿ ವೇಗದಲ್ಲಿ 13 ನಿಮಿಷ. ಒಂದು ಡೈವ್‌ಗೆ ಅರ್ಧವೂ ಇಲ್ಲ.

ಆದರೂ ಹೋಗಲಿ ಅಂದುಕೊಂಡೆ. 40 ಮೀಟರ್ ತಡೆಯುತ್ತಲ್ಲ, ಅಷ್ಟು ಸಾಕು ಅಂತ.

ಭಾನುವಾರ ಚನ್ನಗಿರಿ ಹತ್ತಿರದ ನಮ್ಮ ಅಡಿಕೆ ತೋಟಕ್ಕೆ ಒಯ್ದೆ. ಹಳೇ ಬಾವಿ, 40 ಅಡಿ ನೀರು. ನಾನು ಇಳಿಯಲಿಲ್ಲ, ಅಷ್ಟು ಬುದ್ಧಿ ಉಳಿದಿತ್ತು. ಈರುಳ್ಳಿ ಚೀಲದಲ್ಲಿ ಸ್ಕೂಟರ್ ಇಟ್ಟು, ಜೊತೆಗೆ ಒಂದು ಕಲ್ಲು ಹಾಕಿ, 5 ಅಡಿಗೊಂದು ಗಂಟು ಹಾಕಿದ ಹಗ್ಗದಲ್ಲಿ ಇಳಿಸಿದೆ. ಅಪ್ಪ, ಭಾವ, ತೋಟದ ಕೆಲಸದವರು ಎಲ್ಲರೂ ಸುತ್ತ ನಿಂತಿದ್ದರು. ನಾನು ದೊಡ್ಡ ಮೇಷ್ಟ್ರ ಥರ ಪಾಠ ಬೇರೆ ಮಾಡುತ್ತಿದ್ದೆ, ಪ್ರತಿ 10 ಮೀಟರ್‌ಗೂ ಮೇಲಿನ ಗಾಳಿಯಷ್ಟೇ ಒತ್ತಡ ಇನ್ನೊಂದು ಪಟ್ಟು ಸೇರುತ್ತೆ ಅಂತ. ಆರನೇ ಗಂಟು ನೀರಿಗೆ ಹೋಯಿತು. ಅಂದರೆ 30 ಅಡಿ, 9 ಮೀಟರ್. ಬುಳುಬುಳು ಗುಳ್ಳೆ ಬಂತು. ಮೊದಲು ಸಣ್ಣ ಸಾಲು, ಆಮೇಲೆ ಒಂದೇ ಸಲ ದೊಡ್ಡ ಗುಳ್ಳೆ. ಕೆಲಸದ ಹುಡುಗ 'ಮೀನು ಸಾರ್' ಅಂದ.

ಎಳೆದೆವು. ಬ್ಯಾಟರಿ ಮುಚ್ಚಳದ ಒಳಗೆ ನೀರು ತುಳುಕುತ್ತಿತ್ತು. ಪಕ್ಕದಲ್ಲಿ '40 ಮೀ' ಅಂತ ಬೆಳ್ಳಿ ಬಣ್ಣದ ಸ್ಟಿಕ್ಕರ್ ಇತ್ತಲ್ಲ, ಅದರ ಮೂಲೆ ನೆನೆದು ಎದ್ದಿತ್ತು. ಉಗುರಿನಿಂದ ಎಬ್ಬಿಸಿದೆ. ಕೆಳಗೆ ಪ್ಲಾಸ್ಟಿಕ್‌ನಲ್ಲೇ ಉಬ್ಬಿದ ಅಕ್ಷರ. ಗರಿಷ್ಠ 5 ಮೀಟರ್. ಬೆರಳಾಡಿಸಿದರೆ ಕೈಗೆ ಸಿಗುತ್ತೆ. ಐದು! ಮಕ್ಕಳು ಈಜುಕೊಳದಲ್ಲಿ ಆಡುವ ಸಾಮಾನು. ಸ್ಟಿಕ್ಕರ್ ಬೆರಳಿಗೆ ಅಂಟಿಕೊಂಡು ಬಿಡುತ್ತಲೇ ಇರಲಿಲ್ಲ, ಎಲ್ಲರೂ ನನ್ನ ಬೆರಳನ್ನೇ ನೋಡುತ್ತಿದ್ದರು.

ಬಾವಿಕಟ್ಟೆಯಿಂದಲೇ ಫೋನ್ ಮಾಡಿದೆ, ಸ್ಪೀಕರ್ ಹಾಕಿ. ಅವನು ತಣ್ಣಗೆ ಹೇಳಿದ, 'ಸರ್, 40 ಮೀಟರ್ ಅಂದ್ರೆ ಉದ್ದಕ್ಕೆ ಸರ್. ಆಳಕ್ಕೆ ಅಂತ ನಾನು ಯಾವತ್ತು ಹೇಳಿದೆ?' ಗಾಡಿ 40 ಮೀಟರ್ ದೂರ ಹೋಗುತ್ತೆ ಅಂತ ಯಾರಾದರೂ ಜಾಹೀರಾತು ಹಾಕ್ತಾರಾ? ಒಳಗೆ ನೀರು ಹೋಗಿದೆ, ವಾಪಸ್ ತಗೊಳ್ಳಿ ಅಂದೆ. ಆಗ ಬಂತು ಈ ಮಾತು: 'ನೀರು ಹೋಗಿದ್ರೆ ವಾರಂಟಿ ಬರಲ್ಲ ಸರ್. ವಾಟರ್ ಡ್ಯಾಮೇಜ್ ಕವರ್ ಆಗಲ್ಲ.'

ಅಪ್ಪ ತಲೆ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು. 'ಏನಪಾ, ನೀರಾಗ ಓಡೋ ಗಾಡಿಗೆ ನೀರು ಹೊಕ್ಕರೆ ವಾರಂಟಿ ಇಲ್ಲಂತಾನೇನು?' ಕೆಲಸದವರು ಅಡಿಕೆ ಮರದ ಕಡೆ ತಿರುಗಿ ನಿಂತರು. ಭಾವ ಮಾತ್ರ ತಿರುಗಲಿಲ್ಲ, ನೇರವಾಗಿ ನನ್ನ ಮುಖ ನೋಡಿಯೇ ನಕ್ಕರು.

ಮರುದಿನದಿಂದ ಉತ್ತರಗಳು ಚಿಕ್ಕದಾದವು. 'ಸಿಹಿನೀರಲ್ಲಿ ಯಾಕೆ ಹಾಕಿದ್ರಿ?' ಆಮೇಲೆ 'ಮುಚ್ಚಳ ನೀವು ಸರಿಯಾಗಿ ಹಾಕಿಲ್ಲ'. ಮುಚ್ಚಳದ ರಬ್ಬರ್ ರಿಂಗ್‌ಗೆ ಸಿಲಿಕಾನ್ ಗ್ರೀಸ್ ಹಚ್ಚಿ, ಕೂದಲು ಮರಳು ಇಲ್ಲ ಅಂತ ಟಾರ್ಚ್ ಹಾಕಿ ನೋಡಿದ್ದೆ. ಅದರ ಫೋಟೊ ಕಳಿಸಿದೆ. ಕೊನೆಗೆ ಒಂದು ಕೈಮುಗಿಯುವ ಚಿಹ್ನೆ. ಆಮೇಲೆ ಬ್ಲಾಕ್.

ಈಗ ಸಿಟ್ಟಿಗಿಂತ ಭಯ ಜಾಸ್ತಿ. ಇದನ್ನೇ ನಾನು ನೇರವಾಗಿ ಸಮುದ್ರಕ್ಕೆ ಒಯ್ದಿದ್ದರೆ? ಒಳಗೆ ನೀರು ತುಂಬಿದ ಸ್ಕೂಟರ್ ಕಲ್ಲಿನ ಥರ ಕೆಳಗೆ ಎಳೆಯುತ್ತೆ, ಅದರ ಹಗ್ಗ ನಮ್ಮ ಮಣಿಕಟ್ಟಿಗೆ ಬಿಗಿದಿರುತ್ತೆ. ಬಾವಿಯಿಂದ ತೆಗೆದ ಬ್ಯಾಟರಿ ಅರ್ಧ ಗಂಟೆಯಲ್ಲಿ ಬಿಸಿಯಾಗತೊಡಗಿತು. ಮನೆಯಿಂದ ದೂರ ಮರಳಿನ ಮೇಲೆ ಇಟ್ಟು ಬಂದೆ. ಅವನ ಜಾಹೀರಾತಿನಲ್ಲಿ ಒಬ್ಬ ಹುಡುಗ ತಳದಿಂದ ರಾಕೆಟ್ ಥರ ನೆಟ್ಟಗೆ ಮೇಲೆ ಬರುತ್ತಾನೆ. ನಮಗೆ ಕಲಿಸಿದ್ದು ನಿಮಿಷಕ್ಕೆ 9 ಮೀಟರ್‌ಗಿಂತ ಜೋರಾಗಿ ಏರಬೇಡಿ ಅಂತ. ಸೆಕೆಂಡಿಗೆ 1 ಮೀಟರ್ ಓಡುವ ಸ್ಕೂಟರ್ ಅಂದರೆ ನಿಮಿಷಕ್ಕೆ 60. 10 ಮೀಟರ್‌ನಿಂದ ಮೇಲೆ ಬರುವಷ್ಟರಲ್ಲಿ ಎದೆಯೊಳಗಿನ ಗಾಳಿ ಎರಡರಷ್ಟು ಹಿಗ್ಗುತ್ತೆ. ಆಗ ಉಸಿರು ಬಿಡದೆ ಬಿಗಿಹಿಡಿದರೆ ಶ್ವಾಸಕೋಶ ಹರಿಯಬಹುದು.

ತಗೊಳ್ಳುವವರಿಗೆ ನನ್ನ ಕಡೆಯಿಂದ ಇಷ್ಟೇ. ಆಳದ ಮಿತಿ ಯಂತ್ರದ ಮೈಮೇಲೇ ಅಚ್ಚಾಗಿರಬೇಕು. ಸ್ಟಿಕ್ಕರ್ ಇದ್ದರೆ ಕಿತ್ತು ನೋಡಿ, ನಾಚಿಕೆ ಬೇಡ. ನಿಮಿಷದ ಲೆಕ್ಕ ಯಾವ ಗೇರ್‌ನಲ್ಲಿ ಅಂತ ಕೇಳಿ. ಒಳ್ಳೆಯ ಸ್ಕೂಟರ್ ಕೈಬಿಟ್ಟರೆ ನಿಧಾನಕ್ಕೆ ತೇಲಬೇಕು. ಉಪ್ಪುನೀರಿಗೂ ಸಿಹಿನೀರಿಗೂ ಹೊಂದಿಸಿಕೊಳ್ಳಲು ತೂಕದ ಬಿಲ್ಲೆ ಕೊಡ್ತೀರಾ ಅಂತ ಕೇಳಿ, ಇವನು ಅದು ಏನು ಅಂತಲೇ ಗೊತ್ತಿಲ್ಲದವನ ಥರ ಮಾತಾಡಿದ್ದ. ಆಮದು ಮಾಡಿದವರ ಹೆಸರು, ಎಂಆರ್‌ಪಿ ಬಾಕ್ಸ್ ಮೇಲೆ ಇಲ್ಲದಿದ್ದರೆ ಮುಟ್ಟಲೇಬೇಡಿ. ಬಿಲ್ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. 5 ಲಕ್ಷದವರೆಗೆ ಅಲ್ಲಿ ಶುಲ್ಕ ಇಲ್ಲ.

ಇನ್ನೊಂದು ವಿಷಯ, ಹೇಳಲು ನಾಚಿಕೆ. ಪಾರ್ಸೆಲ್ ಬಂದ ದಿನ 'ಬಾಕ್ಸ್ ಬಿಚ್ಚುವ ವಿಡಿಯೊ ಕಳಿಸಿ ಸರ್, 1,000 ರೂಪಾಯಿ ವಾಪಸ್ ಹಾಕ್ತೀನಿ' ಅಂದಿದ್ದ. ಕಳಿಸಿದೆ. ಆ ಸಾವಿರ ಬರಲಿಲ್ಲ. ವಿಡಿಯೊ ಮಾತ್ರ ಈಗ ಅವನ ಜಾಹೀರಾತಿನಲ್ಲಿ ಓಡುತ್ತಿದೆ, ಕೆಳಗೆ 'ದಾವಣಗೆರೆಯ ಸರ್ಟಿಫೈಡ್ ಡೈವರ್ ಮೆಚ್ಚಿದ್ದು' ಅಂತ ಬೇರೆ. ಬ್ಯಾಟರಿ ಅಂಗಡಿಯ ಕೌಂಟರ್ ಮುಂದೆ ನೀಲಿ ಟೀ ಶರ್ಟ್ ಹಾಕಿಕೊಂಡು 'ಸೂಪರ್ ಇದೆ ಸರ್' ಅಂತ ಹಲ್ಲು ಬಿಡುತ್ತಿರುವವನು ನಾನೇ. ಆಗ ಇನ್ನೂ ಅದನ್ನು ನೀರಿಗೆ ಹಾಕಿರಲಿಲ್ಲ.