ಪವರ್ ಟಿಲ್ಲರ್ ಕೈಪಿಡಿ ಕೊರಿಯನ್‌ಗೆ: ಮೈಸೂರಿನ ಅನುವಾದ ಸೇವೆಯೊಂದು ಹೇಗಿದೆ?

ಯಂತ್ರದ ಕೈಪಿಡಿಗಳನ್ನು ಇಂಗ್ಲಿಷಿನಿಂದ ಕೊರಿಯನ್‌ಗೆ ಮಾಡಿಕೊಡುವ ಈ ಸೇವೆಯಲ್ಲಿ ಭಾಷೆ ಚೆನ್ನಾಗಿದೆ. ವಾಕ್ಯಗಳು ಸಲೀಸು, ಗೌರವರೂಪ ಎಲ್ಲ ಪುಟಗಳಲ್ಲೂ ಒಂದೇ ಸಮ. ತೊಡಕೆಲ್ಲ ಒಂದೇ ಪದದ್ದು: ಪವರ್.

ನಮ್ಮಲ್ಲಿ ಪವರ್ ಹೋಯ್ತು ಅಂದರೆ ಕರೆಂಟು, ಕನ್ನಡಕದ ಪವರ್ ಅಂದರೆ ನಂಬರು. ಕೊರಿಯನ್ನರು ಇವಕ್ಕೆ ಬೇರೆ ಬೇರೆ ಪದ ಇಟ್ಟುಕೊಂಡಿದ್ದಾರೆ. ವಿದ್ಯುತ್ ಶಕ್ತಿ ‘ಜೊಲ್ಲ್ಯೊಕ್’, ಯಂತ್ರ ಓಡಿಸುವ ಶಕ್ತಿ ‘ದೋಂಗ್‌ನ್ಯೊಕ್’, ಸ್ವಿಚ್ ಹಾಕಿದಾಗ ಉಪಕರಣಕ್ಕೆ ಸಿಗುವ ಪೂರೈಕೆ ‘ಜೊನ್‌ವೊನ್’, ಕನ್ನಡಕದ್ದು ‘ದೋಸು’. ಹೊಲ ಉಳುವ ಪವರ್ ಟಿಲ್ಲರಿಗೆ ಆಡುಮಾತಿನಲ್ಲಿ ಬರೀ ‘ಗ್ಯೊಂಗುನ್‌ಗಿ’ ಅನ್ನುತ್ತಾರೆ. ಮುಂದೆ ದೋಂಗ್‌ನ್ಯೊಕ್ ಸೇರಿಸಿದರೂ ತಪ್ಪಲ್ಲ.

ಕರಡು ಮುಗ್ಗರಿಸಿದ್ದು ‘ಪವರ್ ಟ್ರಾನ್ಸ್‌ಮಿಷನ್’ನಲ್ಲಿ. ಅಲ್ಲಿ ‘ಸೋಂಗ್‌ಜೊನ್’ ಎಂದಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ವಿದ್ಯುತ್ ಸಾಗಿಸಿದರಲ್ಲ, ಅಂಥದ್ದಕ್ಕೆ ಆ ಪದ. ಎಂಜಿನ್ನಿನಿಂದ ಬೆಲ್ಟು, ಕ್ಲಚ್ಚು, ಗೇರುಗಳ ಮೂಲಕ ಚಕ್ರಕ್ಕೆ ಇಳಿಯುವುದು ‘ದೋಂಗ್‌ನ್ಯೊಕ್ ಜೊನ್‌ದಾಲ್’. ಬಿಡಿಭಾಗಗಳ ಪಟ್ಟಿಯನ್ನು ಚಿತ್ರವಿಲ್ಲದೆ ಎಕ್ಸೆಲ್ ಸಾಲುಗಳಾಗಿ ಕೊಟ್ಟಾಗ ಆಗುವ ತಪ್ಪು ಇದು. ಅನುವಾದಕರ ಕಣ್ಣಿಗೆ ಗೇರ್‌ಬಾಕ್ಸೇ ಬೀಳುವುದಿಲ್ಲ. ಆದರೂ ಕೇಳಬಹುದಿತ್ತು, ಕೇಳಲಿಲ್ಲ. ಅದಕ್ಕೇ ಪೂರ್ತಿ ಅಂಕ ಕೊಡಲಾಗದು. ‘ಪವರ್ ಫ್ಯಾಕ್ಟರ್’ (ಹರಿಯುವ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಮಾತ್ರ ಪದಕ್ಕೆ ಪದ ಜೋಡಿಸದೆ ‘ಯೊಂಗ್‌ನ್ಯುಲ್’ ಎಂದು ಸರಿಯಾಗಿಯೇ ಬಂದಿದೆ.

ಹಾರ್ಸ್‌ಪವರ್ ‘ಮಾರ್ಯೊಕ್’, ನಮ್ಮ ಅಶ್ವಶಕ್ತಿಯ ಹಾಗೆಯೇ ಕುದುರೆ ಮತ್ತು ಶಕ್ತಿ ಸೇರಿದ ಪದ. ಪದ ಸರಿ, ಆದರೆ ಯಾವ ಅಳತೆಯ ಅಶ್ವಶಕ್ತಿ ಎಂಬುದು ಅದರಿಂದ ತಿಳಿಯದು. ಮೆಟ್ರಿಕ್ ಅಶ್ವಶಕ್ತಿ 0.7355 ಕಿಲೋವ್ಯಾಟ್, ಬ್ರಿಟಿಷ್ ಅಳತೆಯದು 0.7457. ಹದಿನೈದು ಅಶ್ವಶಕ್ತಿಯ ಎಂಜಿನ್ನು ಒಂದರಲ್ಲಿ 11.0, ಇನ್ನೊಂದರಲ್ಲಿ 11.2 ಕಿಲೋವ್ಯಾಟ್. ಬರೀ ಮಾರ್ಯೊಕ್ ಬಿಡದೆ ಪಕ್ಕದಲ್ಲಿ ಕಿಲೋವ್ಯಾಟ್ ಹಾಕಿಸಿ.

ಕೆಲಸ ಕೊಡುವಾಗ ಬಿಡಿಭಾಗಗಳ ಚಿತ್ರವನ್ನೂ ಜೊತೆಗಿಡಿ. ಪವರ್ ಬರುವ ಪ್ರತಿ ಸಾಲಿನೆದುರು ಅದು ವಿದ್ಯುತ್ತಿನದೋ, ಎಂಜಿನ್ನಿನದೋ, ಪೂರೈಕೆಯದೋ ಎಂದು ಒಂದು ಪದ ಬರೆಯಿರಿ. ದರವನ್ನು ಇಂಗ್ಲಿಷ್ ಮೂಲದ ಪದಗಳ ಲೆಕ್ಕದಲ್ಲಿ ಮಾತಾಡಿಕೊಳ್ಳಿ. ಕೊರಿಯನ್‌ನಲ್ಲಿ ತಾಂತ್ರಿಕ ಸಮಾಸಗಳನ್ನು ಬಿಡಿಸಿಯೂ ಬರೆಯಬಹುದು, ಕೂಡಿಸಿಯೂ ಬರೆಯಬಹುದು. ಅನುವಾದದ ಪದ ಎಣಿಸಹೊರಟರೆ ಲೆಕ್ಕ ನಿಲ್ಲುವುದಿಲ್ಲ.

ತಿದ್ದುಪಡಿ ಎರಡೇ ದಿನದಲ್ಲಿ ಬಂತು, ತಕರಾರಿಲ್ಲದೆ. ಆದರೆ ಪಠ್ಯದಲ್ಲಿ ಹೋದ ‘ಸೋಂಗ್‌ಜೊನ್’ ರೇಖಾಚಿತ್ರದೊಳಗಿನ ಲೇಬಲ್ಲಿನಲ್ಲಿ ಹಾಗೆಯೇ ಉಳಿದಿತ್ತು. ಅದು ಚಿತ್ರದ ಭಾಗವಾದ್ದರಿಂದ ಪಿಡಿಎಫ್‌ನಲ್ಲಿ ಹುಡುಕಿದರೂ ಸಿಗದು. ಅಚ್ಚಿಗೆ ಕಳಿಸುವ ಮುನ್ನ ಪ್ರತಿ ಚಿತ್ರವನ್ನೂ ಕಣ್ಣಿಟ್ಟು ನೋಡಿ.