ಪ್ರೀಮಿಯರ್ ಅಥವಾ ರಿಸಾಲ್ವ್: ದುಡ್ಡು ಎಲ್ಲಿ ಹಾಕೋದು?

ಪ್ರೀಮಿಯರ್, ಡಾವಿಂಚಿ ರಿಸಾಲ್ವ್ ಎರಡೂ ವಿಡಿಯೊ ಎಡಿಟ್ ಮಾಡುವ ಸಾಫ್ಟ್‌ವೇರ್‌ಗಳು. ಪ್ರೀಮಿಯರ್ ತಯಾರಿಸುವ ಅಡೋಬಿ 2013ರಲ್ಲಿ ಚಂದಾ ಪದ್ಧತಿಗೆ ಹೊರಳಿತು. ಚಂದಾ ನಿಲ್ಲಿಸಿದರೆ ಪ್ರೀಮಿಯರ್‌ನಲ್ಲಿ ಮಾಡಿಟ್ಟ ಹಳೆಯ ಪ್ರಾಜೆಕ್ಟನ್ನು ತಿದ್ದಲೂ ಮತ್ತೆ ಹಣ ಕಟ್ಟಬೇಕು. ಆದಾಯ ಏರುಪೇರಾಗುವ ಫ್ರೀಲಾನ್ಸರ್‌ಗಳಿಗೆ ಇದು ನಿಜಕ್ಕೂ ಭಾರ.

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಎಡಿಟಿಂಗ್, ಬಣ್ಣ ಹೊಂದಿಸುವ ಕಲರ್ ಗ್ರೇಡಿಂಗ್, ವಿಷುಯಲ್ ಎಫೆಕ್ಟ್ಸ್‌ಗೆ ಫ್ಯೂಷನ್, ಧ್ವನಿ ಕೆಲಸಕ್ಕೆ ಫೇರ್‌ಲೈಟ್ ಆಡಿಯೊ ಇವೆ. ಔಟ್‌ಪುಟ್ ಅಲ್ಟ್ರಾ ಎಚ್‌ಡಿ, ಸೆಕೆಂಡಿಗೆ 60 ಫ್ರೇಮ್‌ವರೆಗೆ. ಕಲಿಯುವವರಿಗೆ, ಒಂಟಿಯಾಗಿ ದುಡಿಯುವವರಿಗೆ ನನ್ನ ಆಯ್ಕೆ ಇದೇ. ಚಿತ್ರದಲ್ಲಿನ ಕಾಳುಕಾಳು ಚುಕ್ಕೆ ತಗ್ಗಿಸುವ ನಾಯ್ಸ್ ರಿಡಕ್ಷನ್ ಬೇಕೆಂದರೆ ಸ್ಟುಡಿಯೊ ಆವೃತ್ತಿ ಕೊಳ್ಳಬೇಕು, ಅದಕ್ಕೆ ಹಣ ಕಟ್ಟುವುದು ಒಂದೇ ಸಲ. ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ರಿಸಾಲ್ವ್ ಸತಾಯಿಸುತ್ತದೆ. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರೀಮಿಯರ್‌ನ ಬಲವಿರುವುದು ಅಡೋಬಿಯದೇ ಆದ ಆಫ್ಟರ್ ಎಫೆಕ್ಟ್ಸ್ (ಚಲಿಸುವ ಗ್ರಾಫಿಕ್ಸ್ ಮಾಡುವ ಸಾಫ್ಟ್‌ವೇರ್), ಫೋಟೊಶಾಪ್‌ಗಳ ಜೊತೆಗಿನ ನಂಟಿನಲ್ಲಿ. ನಿಮ್ಮ ತಂಡದ ಫೈಲುಗಳೆಲ್ಲ ಆಗಲೇ ಅವುಗಳಲ್ಲಿದ್ದರೆ ಚಂದಾ ಕಟ್ಟುವುದೇ ಲೇಸು, ಸಾಫ್ಟ್‌ವೇರ್ ಬದಲಿಸುವಾಗ ಹಾಳಾಗುವ ದಿನಗಳಿಗೂ ಬೆಲೆಯಿದೆ.