ಟ್ಯಾಲಿನಾ, ಅಗ್ಗದ ಆನ್‌ಲೈನ್ ಬಿಲ್ಲಿಂಗಾ? ಸಂಬಳವನ್ನೂ ಸೇರಿಸಿ ಲೆಕ್ಕ ಹಾಕಿ

ದಾವಣಗೆರೆಯಲ್ಲಿ ನಮ್ಮದು ಪೈಪು, ನಲ್ಲಿ ಮಾರುವ ಅಂಗಡಿ. ದಿನಕ್ಕೆ 70 ಬಿಲ್ ಆಗುತ್ತದೆ. ಬಿಲ್, ಲೆಕ್ಕಪತ್ರ ನೋಡಿಕೊಳ್ಳುವ ಟ್ಯಾಲಿ ಸಾಫ್ಟ್‌ವೇರನ್ನು ಒಂದು ವರ್ಷ ಬಿಟ್ಟು ಆನ್‌ಲೈನ್ ಬಿಲ್ಲಿಂಗ್ ಸಾಫ್ಟ್‌ವೇರ್ ಬಳಸಿದೆ. ಈಗ ವಾಪಸ್ ಟ್ಯಾಲಿಗೇ ಬಂದಿದ್ದೇನೆ, ಇನ್ನು ಬಿಡುವುದಿಲ್ಲ.

ಕೌಂಟರಿಗೆ ಎರಡನೇ ಕಂಪ್ಯೂಟರ್ ಬೇಕಾಯಿತು. ಟ್ಯಾಲಿಯ ಸಿಲ್ವರ್ ಲೈಸೆನ್ಸ್ ಒಂದೇ ಕಂಪ್ಯೂಟರಿಗೆ, ಎರಡಕ್ಕೂ ಬೇಕೆಂದರೆ ಗೋಲ್ಡ್ ಲೈಸೆನ್ಸ್ ತೆಗೆದುಕೊಳ್ಳಬೇಕು. ಅದರ ರೇಟು ಕೇಳಿ ಹಿಂಜರಿದೆ. ಆನ್‌ಲೈನಿನದು ವರ್ಷಕ್ಕೆ 4,000 ರೂಪಾಯಿ. ಅದರ ಮುಂದೆ ಕೂತು ಕೆಲಸ ಮಾಡುವವರ ಸಂಬಳ ಆಗ ನನ್ನ ತಲೆಗೇ ಬರಲಿಲ್ಲ.

ನಮ್ಮಲ್ಲಿ ಲೆಕ್ಕ ಬರೆಯುವ ಅಕ್ಕ ಟ್ಯಾಲಿಯಲ್ಲಿ ಮಾರಾಟದ ಬಿಲ್ ತೆರೆಯಲು ಎಫ್8 ಒತ್ತಿದರೆ ಆಮೇಲೆ ಕೀಬೋರ್ಡ್ ನೋಡುವುದೇ ಇಲ್ಲ. ಕಣ್ಣು ಚೀಟಿಯ ಮೇಲೆ, ಬಲಗೈ ನಂಬರ್ ಕೀಗಳ ಮೇಲೆ. ಕೊನೆಗೆ ಕಂಟ್ರೋಲ್ ಎ, ಬಿಲ್ ಮುಗಿಯಿತು. ಹೊಸದರಲ್ಲಿ ಪ್ರತಿ ಐಟಂಗೂ ಮೌಸ್ ಹಿಡಿಯಬೇಕು, ಪೇಜ್ ಲೋಡ್ ಆಗುವ ತನಕ ಕಾಯಬೇಕು.

ಅದನ್ನಾದರೂ ಸಹಿಸಬಹುದಿತ್ತು. ನಮ್ಮ ಆಡಿಟರಿಗೆ ಟ್ಯಾಲಿ ಡೇಟಾನೇ ಬೇಕು. ಆನ್‌ಲೈನಿನಿಂದ ತೆಗೆದ ಎಕ್ಸೆಲ್ ಫೈಲ್ ಟ್ಯಾಲಿಗೆ ಹಾಕಿದರೆ ರೌಂಡ್ ಆಫ್ ಪೈಸೆ ಹೊಂದುತ್ತಿರಲಿಲ್ಲ. ಒಬ್ಬನೇ ಪ್ಲಂಬರ್ ಎರಡು ಹೆಸರಲ್ಲಿ ಬರುತ್ತಿದ್ದ, ಅವನ ಬಾಕಿ ಎರಡು ಕಡೆ ಹರಿದು ಹಂಚಿ ಹೋಗುತ್ತಿತ್ತು. ಕೊನೆಗೆ ಎಲ್ಲ ಬಿಲ್ಲನ್ನೂ ಟ್ಯಾಲಿಯಲ್ಲಿ ಮತ್ತೆ ಹೊಡೆಯುವುದೇ ಗತಿಯಾಯಿತು.

ತಿಂಗಳ ಮಾರಾಟದ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-1 ಸಲ್ಲಿಸಲು ಮುಂದಿನ ತಿಂಗಳ 11ನೇ ತಾರೀಖು ಕಡೆ ದಿನ. ಹಾಗಾಗಿ 5ರಿಂದ 10ರ ತನಕ ಅಕ್ಕ ರಾತ್ರಿ ಒಂಬತ್ತಾದರೂ ಹೊರಡುತ್ತಿರಲಿಲ್ಲ. ಅವರ ಮನೆಯಿಂದ ಫೋನ್ ಬರುತ್ತಿತ್ತು, ನನಗೆ ಮುಖ ಎತ್ತಿ ನೋಡಲಾಗುತ್ತಿರಲಿಲ್ಲ. ಸಂಜೆ ಹೊತ್ತು ಎಂಟ್ರಿ ಹೊಡೆಯಲು ಒಬ್ಬ ಹುಡುಗನನ್ನು ಇಟ್ಟೆ, ತಿಂಗಳಿಗೆ 5,000. ವರ್ಷಕ್ಕೆ 60,000 ಆಯಿತಲ್ವಾ? ಗೋಲ್ಡ್‌ಗೆ ಹಾಕಬೇಕಿದ್ದ ದುಡ್ಡು ಹೆಚ್ಚುಕಮ್ಮಿ ಅಲ್ಲೇ ಹೋಯಿತು.

ಮಗಳ ಬಾಣಂತನಕ್ಕೆ ಅಕ್ಕ ಎರಡು ತಿಂಗಳು ರಜೆ ಹಾಕಿದಾಗ ಇನ್ನೂ ಕಷ್ಟ. ಬಿ.ಕಾಂ. ಮುಗಿಸಿ ಟ್ಯಾಲಿ ಕಲಿತ ಮಕ್ಕಳು ನಮ್ಮೂರಲ್ಲಿ ಬೇಕಾದಷ್ಟು ಸಿಗುತ್ತಾರೆ. ಈ ಆನ್‌ಲೈನ್ ಸಾಫ್ಟ್‌ವೇರ್ ಗೊತ್ತಿರುವವರು ಒಬ್ಬರೂ ಸಿಗಲಿಲ್ಲ. ಕಲಿಸಿದ ಹುಡುಗ ಇಪ್ಪತ್ತೇ ದಿನಕ್ಕೆ ಬಿಟ್ಟು ಹೋದ.

ಮನೆಯಲ್ಲಿ ಕೂತು ಮೊಬೈಲಿನಲ್ಲೇ ವ್ಯಾಪಾರ ನೋಡುವುದು, ಬಿಲ್ ವಾಟ್ಸಾಪ್ ಮಾಡುವುದು ಆನ್‌ಲೈನಿನಲ್ಲಿ ಬಲು ಸಲೀಸು. ಅದನ್ನು ಒಪ್ಪುತ್ತೇನೆ. ಟ್ಯಾಲಿಯಲ್ಲಾದರೆ ಬ್ಯಾಕಪ್ಪನ್ನು ನಾನೇ ದಿನಾ ಪೆನ್‌ಡ್ರೈವಿಗೆ ಹಾಕಿಕೊಳ್ಳುತ್ತೇನೆ.

ದಿನಕ್ಕೆ ಹತ್ತು ಬಿಲ್, ನೀವೇ ಹೊಡೆಯುತ್ತೀರಾ? ಹಾಗಾದರೆ ಆನ್‌ಲೈನ್ ಸಾಕು. ನಾನು ಏಪ್ರಿಲ್‌ನಲ್ಲಿ ಗೋಲ್ಡ್ ತೆಗೆದುಕೊಂಡೆ. ಕಳೆದ ತಿಂಗಳು 10ನೇ ತಾರೀಖೂ ಅಕ್ಕ ಆರೂವರೆಗೇ ಬ್ಯಾಗ್ ಹಾಕಿಕೊಂಡು ಹೊರಟರು.